ಕ್ರೋಶ ಒಡವೆ ಸರಿ ಬರ್ತಿಲ್ವಾ? ಬಿಚ್ಚುವ ಮೊದಲು ಇಷ್ಟು ನೋಡಿ

ಕ್ರೋಶದ ಕಿವಿಯೋಲೆ, ಅಂದರೆ ಕೊಕ್ಕೆಯ ಕಡ್ಡಿಯಿಂದ ದಾರ ಹೆಣೆದು ಮಾಡಿದ ಓಲೆ, ಸರಿ ಬರಲಿಲ್ಲ ಅಂದ ಕೂಡಲೇ ನಮ್ಮ ಕೈ ದಾರದ ತುದಿಗೆ ಹೋಗುತ್ತದೆ. ಸರ್ರನೆ ಎಳೆದು ಬಿಚ್ಚುತ್ತೇವೆ, ಮತ್ತೆ ಮೊದಲಿಂದ ಶುರು ಮಾಡುತ್ತೇವೆ. ಎರಡನೇ ಸಲವೂ ಅದೇ ದೋಷ ಬರುತ್ತದೆ. ಕಾರಣ ಏನೆಂದು ನೋಡಿಯೇ ಇರುವುದಿಲ್ಲ, ಮತ್ತೆ ಹೇಗೆ ಸರಿಯಾದೀತು? ಕೆಟ್ಟ ತುಂಡು ಕೈಯಲ್ಲಿ ಇರುವವರೆಗೆ ಕಾರಣ ಹುಡುಕಬಹುದು. ಬಿಚ್ಚಿದ ಮೇಲೆ ಉಳಿಯುವುದು ಸುಕ್ಕಾದ ದಾರ ಮಾತ್ರ.

ಒಡವೆ ಚಿಕ್ಕದು. ಟೇಬಲ್ ಕ್ಲಾತಿನಲ್ಲಿ ಒಂದು ಸ್ಟಿಚ್ ಹೆಚ್ಚು ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಇಂಚಿನ ಓಲೆಯಲ್ಲಿ ಅದೇ ಎದ್ದು ಕಾಣುತ್ತದೆ. ಹಾಗಾಗಿ ಮೊದಲು ಕೆಟ್ಟ ತುಂಡನ್ನು ಬೆಳಕಿಗೆ ಹಿಡಿದು, ದೋಷ ಯಾವ ಸುತ್ತಿನಿಂದ ಶುರುವಾಗಿದೆ ಎಂದು ಹುಡುಕಿ. ಕಾಣುವ ಜಾಗದಲ್ಲೇ ಕಾರಣ ಇರಬೇಕೆಂದಿಲ್ಲ. ಬಹಳ ಸಲ ಅದು ಒಂದೆರಡು ಸುತ್ತು ಹಿಂದೆ ಇರುತ್ತದೆ, ಕೆಲವೊಮ್ಮೆ ದಾರ ಕೊಂಡಾಗಲೇ ಬಂದಿರುತ್ತದೆ.

ಬಿಲ್ಲೆ ಚಪ್ಪಟೆಯಾಗಿ ಕೂರುತ್ತಿಲ್ಲ

ಬಿಲ್ಲೆ ಅಂದರೆ ನಡುವಿನಿಂದ ಸುತ್ತುಸುತ್ತಾಗಿ ಬೆಳೆಸುವ ದುಂಡನೆಯ ತುಂಡು. ಅತಿ ಜಾಸ್ತಿ ಕೇಳಿಬರುವ ದೂರು ಇದು. "ಅಕ್ಕಾರ, ಬಿಲ್ಲೆ ಮಾಡಾಕ ಹೋದ್ರ ಟೊಪ್ಪಿಗಿ ಆಗೇತ್ರಿ" ಎಂದು ಪಕ್ಕದ ಮನೆಯ ಹುಡುಗಿಯರು ತುಂಡು ಹಿಡಿದುಕೊಂಡು ಬರುತ್ತಾರೆ. ಅಂಚು ಒಳಗೆ ಬಾಗಿದ್ದರೆ ಸ್ಟಿಚ್ ಸಾಲಲಿಲ್ಲ ಎಂದರ್ಥ. ಅಂಚು ಅಲೆಅಲೆಯಾಗಿ ಎದ್ದಿದ್ದರೆ ಸ್ಟಿಚ್ ಜಾಸ್ತಿಯಾಗಿದೆ.

ಲೆಕ್ಕ ಹೀಗಿದೆ. ಸಿಂಗಲ್ ಕ್ರೋಶದಲ್ಲಿ, ಅಂದರೆ ಗಿಡ್ಡ ಸ್ಟಿಚ್ಚಿನಲ್ಲಿ, ನಡುವಿನ ಉಂಗುರಕ್ಕೆ 6 ಸ್ಟಿಚ್ ಹಾಕಿ, ಪ್ರತಿ ಸುತ್ತಿಗೂ 6 ಕೂಡಿಸುತ್ತಾ ಹೋಗಬೇಕು: 6, 12, 18, 24. ಅದಕ್ಕಿಂತ ಎತ್ತರದ ಹಾಫ್ ಡಬಲ್ ಆದರೆ 8ರಂತೆ, ಇನ್ನೂ ಎತ್ತರದ ಡಬಲ್ ಕ್ರೋಶ ಆದರೆ 12ರಂತೆ. ಯಾಕೆ 6? ವೃತ್ತದ ಅರ್ಧ ಅಗಲ ಒಂದು ಅಳತೆ ಬೆಳೆದರೆ ಅದರ ಸುತ್ತಳತೆ ಆರೂಕಾಲು ಅಳತೆಯಷ್ಟು ಬೆಳೆಯುತ್ತದೆ. ಸಿಂಗಲ್ ಕ್ರೋಶದ ಎತ್ತರ, ಅಗಲ ಹೆಚ್ಚೂಕಡಿಮೆ ಒಂದೇ. ಅದಕ್ಕೇ 6 ಸಾಕು. ಡಬಲ್ ಕ್ರೋಶದ ಎತ್ತರ ಅದರ ಅಗಲದ ಸುಮಾರು ಎರಡು ಪಟ್ಟು, ಅದಕ್ಕೆ 12.

ಈ ಲೆಕ್ಕ ತಿಳಿದರೆ ಇನ್ನೊಂದು ಗುಟ್ಟೂ ತಿಳಿಯುತ್ತದೆ. ಕೆಲವರು ಎಣಿಸಿ ನೋಡಿದಾಗ 6, 12, 18 ಸರಿಯಾಗೇ ಇರುತ್ತದೆ, ಆದರೂ ಬಿಲ್ಲೆ ಬಾಗುತ್ತದೆ. ಅವರ ಕೈ ಕುಣಿಕೆಯನ್ನು ಮೇಲೆತ್ತಿ ಎಳೆಯುವ ಕೈ. ಸ್ಟಿಚ್ ಅಗಲಕ್ಕಿಂತ ಎತ್ತರವಾಗಿ ಬರುತ್ತದೆ, ಹಾಗಾಗಿ 6 ಸಾಲುವುದಿಲ್ಲ. ಅಂಥವರು 7ರಿಂದ ಶುರು ಮಾಡಿ ಪ್ರತಿ ಸುತ್ತಿಗೂ 7 ಕೂಡಿಸಲಿ. ಬೇಡವೆಂದರೆ ಕುಣಿಕೆಯನ್ನು ಕಡ್ಡಿಯ ಹತ್ತಿರವೇ ಇಟ್ಟು ಹಾಕುವ ರೂಢಿ ಮಾಡಿಕೊಳ್ಳಲಿ. ನನಗೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಕೈ ಬದಲಿಸುವುದಕ್ಕಿಂತ ಲೆಕ್ಕ ಬದಲಿಸುವುದು ಸುಲಭ.

ಮೊದಲೆರಡು ಸುತ್ತು ಚಪ್ಪಟೆಯಾಗಿದ್ದು, ಮೂರನೆಯದರಿಂದ ಬಾಗಿದರೆ ಎಣಿಕೆ ತಪ್ಪಿದೆ. ಸುತ್ತು ಮುಗಿಸುವಾಗ ಹಾಕುವ ಸ್ಲಿಪ್ ಸ್ಟಿಚ್ಚನ್ನೇ ಒಂದು ಸ್ಟಿಚ್ ಎಂದು ಎಣಿಸುವುದು, ಇಲ್ಲವೇ ಅದರ ಪಕ್ಕದ ಮೊದಲ ಸ್ಟಿಚ್ ಬಿಟ್ಟುಹೋಗುವುದು, ಇವೆರಡೇ ಬಹುತೇಕ ಕಾರಣ. ಪ್ರತಿ ಸುತ್ತಿನ ಮೊದಲ ಸ್ಟಿಚ್ಚಿಗೆ ಸಣ್ಣ ಸೇಫ್ಟಿ ಪಿನ್ ಸಿಕ್ಕಿಸಿ. ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಬಿಲ್ಲೆ ಚಪ್ಪಟೆಯಾಗಿದೆ, ಆದರೆ ದುಂಡಗಿಲ್ಲ, ಆರು ಮೂಲೆ ಎದ್ದಿವೆ ಎಂದರೆ ಕೂಡಿಸುವ ಜಾಗ ಪ್ರತಿ ಸುತ್ತಿನಲ್ಲೂ ಒಂದರ ಮೇಲೊಂದು ಬಂದಿದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಆ ಜಾಗವನ್ನು ಒಂದೆರಡು ಸ್ಟಿಚ್ ಪಕ್ಕಕ್ಕೆ ಸರಿಸಿ, ದುಂಡಗಾಗುತ್ತದೆ.

ಇನ್ನು ಒಂದು ದೋಷ ಕೈಯದೂ ಅಲ್ಲ, ಲೆಕ್ಕದ್ದೂ ಅಲ್ಲ. ಮೊಬೈಲಿನಲ್ಲಿ ಸಿಗುವ ವಿನ್ಯಾಸಗಳಲ್ಲಿ ಎರಡು ಪದ್ಧತಿ ಇವೆ. ಅಮೆರಿಕದವರು ಸಿಂಗಲ್ ಕ್ರೋಶ ಎನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶ ಎನ್ನುತ್ತಾರೆ. ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ವಿನ್ಯಾಸದಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶ ಎಂದಿದ್ದರೆ ಅದು ಅಮೆರಿಕದ ಲೆಕ್ಕ, ಬ್ರಿಟನ್ನಿನವರಲ್ಲಿ ಆ ಹೆಸರೇ ಇಲ್ಲ. "ಉಂಗುರದಲ್ಲಿ 6 ಡಬಲ್ ಕ್ರೋಶ, ಮುಂದಿನ ಸುತ್ತಿಗೆ 12" ಎಂದಿದ್ದರೆ ಅನುಮಾನ ಪಡಿ. ಅದು ಬ್ರಿಟನ್ನಿನದು, ಹಾಕಬೇಕಾದದ್ದು ನಮ್ಮ ಸಿಂಗಲ್. ಉದ್ದದ ಡಬಲ್ ಹಾಕಿದರೆ ಎಷ್ಟು ಸಲ ಬಿಚ್ಚಿ ಹಾಕಿದರೂ ಬಿಲ್ಲೆ ಬಾಗಿಯೇ ಬರುತ್ತದೆ.

ಬಾಗಿದ ತುಂಡು ಚೆನ್ನಾಗಿ ಬಿಗಿಯಾಗಿದ್ದರೆ ಎತ್ತಿಡಿ. ಝುಮಕಿ ಮಾಡುವುದೇ ಹಾಗೆ ಅಲ್ವಾ? ಬೇಕಾದ ಅಗಲ ಬಂದ ಮೇಲೆ ಕೂಡಿಸುವುದನ್ನು ನಿಲ್ಲಿಸಿ, ಅಷ್ಟೇ ಸ್ಟಿಚ್ಚಿನಲ್ಲಿ ಮೂರ್ನಾಲ್ಕು ಸುತ್ತು ಹಾಕಿದರೆ ಅಂಚು ಇಳಿದುಕೊಳ್ಳುತ್ತದೆ.

ದಾರ ಸೀಳುತ್ತಿದೆ, ಜಾರುತ್ತಿದೆ, ಜುಂಗು ಏಳುತ್ತಿದೆ

ನಮ್ಮ ಭಾಗದಲ್ಲಿ ಈ ದೋಷಕ್ಕೆ ಒಂದು ವಿಶೇಷ ಕಾರಣ ಇದೆ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆ ಮಗ್ಗದ ಊರುಗಳಲ್ಲಿ ನೂಲಿಗೆ ಬರ ಇಲ್ಲ. ಇಳಕಲ್ ಸೀರೆಯ ಸೆರಗಿನ ಆ ಗಾಢ ಕೆಂಪು ನೋಡಿದರೆ ಅದೇ ಬಣ್ಣದ ಓಲೆ ಬೇಕು ಅನ್ನಿಸುವುದು ಸಹಜ. ಪರಿಚಯದ ನೇಕಾರರ ಮನೆಯಿಂದ ಉಳಿದ ನೂಲು ತಂದು ಕಡ್ಡಿ ಹಿಡಿಯುತ್ತಾರೆ. ಎರಡನೇ ಸಾಲಿಗೇ ಎಳೆ ಸೀಳುತ್ತದೆ.

ಅದರಲ್ಲಿ ನೂಲಿನ ತಪ್ಪಿಲ್ಲ. ಮಗ್ಗದ ನೂಲು ಮಗ್ಗಕ್ಕಾಗಿ ಮಾಡಿದ್ದು. ಕ್ರೋಶದ ದಾರದಲ್ಲಿ ಹಲವು ಎಳೆಗಳನ್ನು ಕೂಡಿಸಿ ಗಟ್ಟಿಯಾಗಿ ಹುರಿ ಹಾಕಿರುತ್ತಾರೆ, ಕಡ್ಡಿಯ ಕೊಕ್ಕೆ ಅದರೊಳಗೆ ಹೋಗುವುದಿಲ್ಲ. ನೇಯುವ ನೂಲಿಗೆ ಅಷ್ಟು ಹುರಿ ಇರುವುದಿಲ್ಲ. ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಯುವ ನೂಲಾದರೆ ಗಂಜಿ ಹಾಕಿರುತ್ತಾರೆ, ಆ ಗಂಜಿ ಇರುವಾಗ ಅದು ಒರಟು, ಕಡ್ಡಿಗೆ ತೊಡಕು. ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿ ತೆಗೆದು, ಒಣಗಿಸಿ, ನಾಲ್ಕಾರು ಎಳೆ ಒಟ್ಟು ಸೇರಿಸಿ ಕೈಯಿಂದಲೋ ತಕಲಿಯಿಂದಲೋ ಹುರಿ ಮಾಡಿಕೊಂಡರೆ ಕೆಲಸಕ್ಕೆ ಬರುತ್ತದೆ. ಶ್ರಮ ಇದೆ, ಆದರೆ ಸೀರೆಗೆ ಅಷ್ಟು ಹೊಂದುವ ಬಣ್ಣ ಅಂಗಡಿಯ ಉಂಡೆಯಲ್ಲಿ ಸಿಗುವುದು ಕಷ್ಟ.

ಸೆರಗಿಗೆ ಬಳಸುವ ಹೊಳೆಯುವ ನೂಲು ಆರ್ಟ್ ಸಿಲ್ಕ್ ಆಗಿದ್ದರೆ, ಅಂದರೆ ರೇಯಾನ್, ಸಮಸ್ಯೆ ಬೇರೆ. ಅದು ನುಣುಪು, ಗಂಟು ನಿಲ್ಲುವುದಿಲ್ಲ. ಒದ್ದೆಯಾದಾಗ ಅದರ ಬಲ ಬಹಳ ಕುಗ್ಗುತ್ತದೆ. ಹಾಗಾಗಿ ಗಂಜಿ ಹಚ್ಚಿ ಒದ್ದೆ ಇರುವಾಗ ಜಗ್ಗಿದರೆ ಪಟ್ಟನೆ ಹರಿಯುತ್ತದೆ. ರೇಯಾನಿಗೆ ತುದಿಯನ್ನು ಉದ್ದ ಬಿಟ್ಟು, ಸೂಜಿಯಿಂದ ಒಂದು ದಿಕ್ಕಿಗೆ ಪೋಣಿಸಿ, ತಿರುಗಿಸಿ ಇನ್ನೊಂದು ದಿಕ್ಕಿಗೂ ಪೋಣಿಸಿ, ಕೊನೆಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕಿ ಇಡಿ.

ಕೈಯಲ್ಲಿರುವುದು ಯಾವ ದಾರ ಎಂದು ಗೊತ್ತಿಲ್ಲದಿದ್ದರೆ ಒಂದು ಎಳೆಯನ್ನು ಚಿಮಟಿಗೆಯಲ್ಲಿ ಹಿಡಿದು ಸುಡಿ, ಕೆಳಗೆ ನೀರಿನ ತಟ್ಟೆ ಇರಲಿ. ಹತ್ತಿ, ರೇಯಾನ್ ಎರಡೂ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತವೆ. ಪಾಲಿಯೆಸ್ಟರ್, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತವೆ. ಪಾಲಿಯೆಸ್ಟರ್ ದಾರದ ತುದಿಯನ್ನು ಉರಿಗೆ ಹಿಡಿದು ಕರಗಿಸಿ ಭದ್ರ ಮಾಡಬಹುದು. ಹತ್ತಿಗೆ ಅದೇ ಕೆಲಸ ಮಾಡಿದರೆ ಓಲೆಯೇ ಸುಡುತ್ತದೆ.

ಅಂಗಡಿಯ ಕ್ರೋಶ ದಾರವೇ ಸೀಳುತ್ತಿದ್ದರೆ ಕಡ್ಡಿಯ ಅಳತೆ ನೋಡಿ. ದಾರದ ಮೇಲೆ 10, 20, 40 ಎಂದು ಇರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ದಾರ ಸಣ್ಣ. 20ನೇ ನಂಬರಿಗೆ 1 ರಿಂದ 1.25 ಮಿ.ಮೀ. ಕಡ್ಡಿ, 10ಕ್ಕೆ 1.25 ರಿಂದ 1.5 ಮಿ.ಮೀ. ಕಡ್ಡಿ ಒಡವೆಗೆ ಸರಿಹೋಗುತ್ತದೆ. ಸ್ಟೀಲ್ ಕಡ್ಡಿಯ ಮೇಲಿನ ನಂಬರನ್ನು ನಂಬಿ ಕೂರಬೇಡಿ, ಅದರಲ್ಲೂ ಸಂಖ್ಯೆ ಹೆಚ್ಚಾದಂತೆ ಕಡ್ಡಿ ಸಣ್ಣ ಆಗುವುದೇ ಜಾಸ್ತಿ. ಮಿ.ಮೀ. ನೋಡಿ ಕೊಳ್ಳಿ. ಕೊಕ್ಕೆಯ ತುದಿಯನ್ನು ಉಗುರಿನ ಮೇಲೆ ಎಳೆದು ನೋಡಿ. ಕೆರೆಯುತ್ತಿದ್ದರೆ ಅಲ್ಲಿ ಮೊನೆ ಇದೆ, ಅದೇ ದಾರ ಸೀಳುತ್ತಿರುವುದು. ಉಗುರು ತಿದ್ದುವ ನಯವಾದ ಅರದಿಂದ ಉಜ್ಜಿದರೆ ಹೋಗುತ್ತದೆ.

ಮಾಡುತ್ತಾ ಮಾಡುತ್ತಾ ದಾರ ಸಡಿಲವಾಗುವುದು, ಅಥವಾ ಗಂಟುಗಂಟಾಗಿ ಸುತ್ತಿಕೊಳ್ಳುವುದು ಇನ್ನೊಂದು ತೊಂದರೆ. ಪ್ರತಿ ಸ್ಟಿಚ್ಚಿಗೂ ಕಡ್ಡಿಗೆ ದಾರ ಸುತ್ತುತ್ತೇವಲ್ಲ, ಆಗ ಹುರಿ ಸ್ವಲ್ಪ ಸ್ವಲ್ಪ ಬಿಚ್ಚುತ್ತದೆ ಇಲ್ಲವೇ ಬಿಗಿಯುತ್ತದೆ. ಆಗಾಗ ಕುಣಿಕೆಗೆ ಪಿನ್ ಹಾಕಿ ತುಂಡನ್ನು ಗಾಳಿಯಲ್ಲಿ ಜೋತುಬಿಡಿ. ತಾನೇ ತಿರುಗಿ ಸರಿಹೋಗುತ್ತದೆ.

ಜುಂಗು ಏಳುವುದು ದಾರದ ಗುಣ. ಮರ್ಸರೈಸ್ಡ್ ಹತ್ತಿ ಕೊಂಡರೆ ಈ ಕಾಟ ಕಡಿಮೆ. ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದುವ ಈ ವಿದ್ಯೆಯನ್ನು 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡುಕೊಂಡ. ಅದ್ದುವಾಗ ಎಳೆದು ಹಿಡಿದರೆ ಹೊಳಪು ಬರುತ್ತದೆ ಎಂದು 1890ರಲ್ಲಿ ಹೊರೇಸ್ ಲೋ ತೋರಿಸಿದ. ಒಡವೆಗೆ ಹೊಳಪು ಬೇಕು, ನುಣುಪು ಬೇಕು, ಬಣ್ಣ ಗಾಢವಾಗಿ ಹಿಡಿಯಬೇಕು. ಎರಡು ರೂಪಾಯಿ ಜಾಸ್ತಿ ಕೊಟ್ಟರೂ ಇದನ್ನೇ ಕೊಳ್ಳಿ.

ಜರಿ ದಾರದ ಕಥೆ ಬೇರೆ. ಒಳಗಿನ ಎಳೆಯ ಮೇಲೆ ತೆಳ್ಳಗಿನ ಹೊಳೆಯುವ ಪಟ್ಟಿ ಸುತ್ತಿರುತ್ತಾರೆ. ಕಡ್ಡಿಗೆ ಉಜ್ಜಿ ಅದು ಸುಲಿದು ಬರುತ್ತದೆ. ಬಿಚ್ಚಿ ಹಾಕಿದರಂತೂ ಮುಗಿಯಿತು. ಹತ್ತಿಯ ದಾರದ ಜೊತೆ ಜೋಡಿಯಾಗಿ ಹಿಡಿದು, ಕಡ್ಡಿ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ. ಜರಿಯನ್ನು ಕೊನೆಯ ಸುತ್ತಿಗೆ ಮಾತ್ರ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಮಣಿ ಕಾಣುತ್ತಿಲ್ಲ, ಮಣಿ ತಪ್ಪಿದೆ

ಮಣಿ ಹಾಕಿದ್ದೀರಿ, ಮುಂದೆ ನೋಡಿದರೆ ಒಂದೂ ಕಾಣುತ್ತಿಲ್ಲ, ಎಲ್ಲ ಹಿಂದೆ ಹೋಗಿವೆ. ಸಿಂಗಲ್ ಕ್ರೋಶದಲ್ಲಿ ಮಣಿ ಕೂರುವುದೇ ನಮಗೆ ಕಾಣದ ಬದಿಗೆ. ಸುತ್ತುಸುತ್ತಾಗಿ ಮಾಡುವ ಬಿಲ್ಲೆಯಲ್ಲಿ ಮಣಿ ಬೀಳುವ ಆಚೆ ಬದಿಯನ್ನೇ ಮುಂಭಾಗ ಎಂದು ಇಟ್ಟುಕೊಳ್ಳಿ. ಅಡ್ಡ ಸಾಲುಗಳಲ್ಲಿ ಮಾಡುವ ಪಟ್ಟಿಯಾದರೆ ಹಿಂಭಾಗ ನಮ್ಮ ಕಡೆ ಇರುವ ಸಾಲಿನಲ್ಲಿ ಮಾತ್ರ ಮಣಿ ಹಾಕಿ.

ಮಣಿಯ ಹಗ್ಗ, ಅಂದರೆ ಮಣಿಗಳಿಂದಲೇ ತುಂಬಿದ ದುಂಡನೆಯ ಸರ ಮಾಡುವವರಿಗೆ ಮೊದಲ ಭಯ ಒಂದು: ಮೇಲಿನ ಸುತ್ತಿನ ಮಣಿಗಳು ಕೆಳಗಿನವುಗಳ ಹಾಗೆ ಕೂತಿಲ್ಲ, ಬೇರೆ ದಿಕ್ಕಿಗೆ ನಿಂತಿವೆ. ಅದು ದೋಷವಲ್ಲ. ಅವುಗಳ ಮೇಲೆ ಮುಂದಿನ ಸುತ್ತು ಬಂದಾಗ ಮಗ್ಗುಲಾಗಿ ಕೂರುತ್ತವೆ. ನಿಜವಾದ ದೋಷ ಮಣಿ ಕೊಳವೆಯ ಒಳಗೆ ಬಿದ್ದಿರುವುದು. ಕೆಳಗಿನ ಮಣಿಯ ದಾರದಡಿ ಕಡ್ಡಿ ತೂರಿಸಿದ ಮೇಲೆ, ಆ ಮಣಿಯನ್ನು ಬಲಕ್ಕೆ ಹೊರಳಿಸಿ, ಹೊಸ ಮಣಿಯ ದಾರ ಅದರ ಮೇಲೆ ಹಾಯುವಂತೆ ಎಳೆಯಬೇಕು. ಎಡಗೈಯವರು ಎಡಕ್ಕೆ ಹೊರಳಿಸಲಿ. ಹೊರಳಿಸದೆ ಬಿಟ್ಟ ಮಣಿಯೇ ಒಳಗೆ ಹೋಗುವುದು. ಬಿಚ್ಚಬೇಕಾದದ್ದು ಆ ಮಣಿಯವರೆಗೆ ಮಾತ್ರ.

ಪೋಣಿಸುವಾಗ ಒಂದು ಬಣ್ಣದ ಮಣಿ ಜಾಸ್ತಿ ಬಂದು ವಿನ್ಯಾಸ ತಿರುಚಿಕೊಂಡರೆ ಇಡೀ ಸರ ಬಿಚ್ಚಬೇಡಿ. ಗಾಜಿನ ಮಣಿಯಾದರೆ ಇಕ್ಕಳದಲ್ಲಿ ಹಿಡಿದು, ಮೇಲೆ ಬಟ್ಟೆ ಮುಚ್ಚಿ, ಮುಖ ತಿರುಗಿಸಿ ಒಡೆಯಿರಿ. ಕಣ್ಣಿಗೆ ಚೂರು ಸಿಡಿಯದಂತೆ ಜೋಪಾನ. ಒಡೆದ ಅಂಚು ದಾರ ಕತ್ತರಿಸಿಲ್ಲವೇ ಎಂದು ಬೆಳಕಿಗೆ ಹಿಡಿದು ನೋಡಿ ಮುಂದುವರಿಯಿರಿ. ಮಣಿ ಕಡಿಮೆ ಬಂದಿದ್ದರೆ ಈ ಉಪಾಯ ಇಲ್ಲ. ಸರ ಮುಗಿದ ಮೇಲೆ ಆ ಜಾಗಕ್ಕೆ ಸೂಜಿಯಿಂದ ಒಂದು ಮಣಿ ಹೊಲಿಯಬೇಕು.

ಮಣಿಯ ತೂತಿನಲ್ಲಿ ದಾರ ಹೋಗುತ್ತಿಲ್ಲವಾದರೆ ದಾರದ ತುದಿಗೆ ಫೆವಿಕಾಲ್ ಹಚ್ಚಿ, ಒಣಗಿದ ಮೇಲೆ ಓರೆಯಾಗಿ ಕತ್ತರಿಸಿ. ಮಣಿಯ ಅಳತೆಯಲ್ಲೂ ಸಂಖ್ಯೆ ದೊಡ್ಡದಾದಷ್ಟು ಮಣಿ ಚಿಕ್ಕದು: 6ನೇ ನಂಬರಿನದು ಸುಮಾರು 4 ಮಿ.ಮೀ., 8ರದು 3, 11ರದು 2. ಹತ್ತನೇ ನಂಬರಿನ ದಾರಕ್ಕೆ 6ನೇ ನಂಬರಿನ ಮಣಿ ಸಲೀಸು.

ಗುಂಡುಗಳ ಸರವಾದ ಬೋರಮಾಳದ ಹಾಗೆ ಕಾಣಲೆಂದು ಮರದ ಗುಂಡುಗಳ ಮೇಲೆ ಕ್ರೋಶ ಹಾಕುವವರಿಗೆ ಗುಂಡಿನ ಕೆಳಭಾಗದಲ್ಲಿ ಸಂದು ಬಿಟ್ಟು ಮರ ಕಾಣುತ್ತದೆ. ಎರಡು ಸ್ಟಿಚ್ಚನ್ನು ಒಂದು ಮಾಡುವಾಗ ಸ್ಟಿಚ್ಚಿನ ತಲೆಯ ಎರಡೂ ಎಳೆಯ ಅಡಿ ಕಡ್ಡಿ ಹಾಕುವುದರಿಂದ ಆಗುವುದು ಇದು. ನಮ್ಮ ಕಡೆ ಇರುವ ಎಳೆಯನ್ನು ಮಾತ್ರ ಹಿಡಿದು ಸೇರಿಸಿ, ಸಂದು ಮುಚ್ಚುತ್ತದೆ.

ಝುಮಕಿ ಜೋತುಬಿದ್ದಿದೆ

ಇಲ್ಲಿ ಊರು ನೋಡಿ ಮದ್ದು ಮಾಡಬೇಕು. ವಿಜಯಪುರದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಅಲ್ಲಿ ಗಂಜಿ ಹಾಕಿದ ಝುಮಕಿ ತಿಂಗಳುಗಟ್ಟಲೆ ಗಟ್ಟಿಯಾಗಿರುತ್ತದೆ. ಅದೇ ಝುಮಕಿ ಬೆಳಗಾವಿಯ ಮಳೆಗಾಲಕ್ಕೆ ಬಂದರೆ ಮೆತ್ತಗಾಗುತ್ತದೆ, ಜೂನ್ ಬಂದರೆ ಬೂಸ್ಟು ಹಿಡಿಯುವುದೂ ಉಂಟು. ಅಕ್ಕಿ ಗಂಜಿ, ಮೈದಾ ಗಂಜಿ, ಸಾಬೂದಾನಿ ಗಂಜಿ ಯಾವುದಾದರೂ ಅಷ್ಟೇ, ಪಿಷ್ಟ ಗಾಳಿಯ ತೇವ ಹೀರುತ್ತದೆ. ಸಕ್ಕರೆ ಪಾಕದಲ್ಲಿ ಅದ್ದುವ ಹಳೆಯ ಪದ್ಧತಿಯೂ ಇದೆ. ಕಿವಿಗೆ ಹಾಕುವ ವಸ್ತುವಿಗೆ ಅದು ಬೇಡ, ಇರುವೆ ಬರುತ್ತದೆ, ಬೆವರಿಗೆ ಅಂಟುತ್ತದೆ.

ಬೆಳಗಾವಿಯವರು ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಅದ್ದಿ. ಹಿಂಡಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ದುಂಡು ಮುಚ್ಚಳದ ಮೇಲೆ ಕೂರಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಫೆವಿಕಾಲೂ ನೀರು ತಾಗಿದರೆ ಮೆತ್ತಗಾಗುವಂಥದ್ದೇ. ಅದಕ್ಕೇ ಒಣಗಿದ ಮೇಲೆ ಬಣ್ಣವಿಲ್ಲದ ವಾರ್ನಿಶ್ ಒಂದು ತೆಳು ಪದರ ಹಚ್ಚಬೇಕು. ಬಹಳ ಜನ ಬಿಡುವುದು ಈ ಒಂದೇ ಹೆಜ್ಜೆ.

ಕಪ್ಪು, ಕಡುಗೆಂಪು ದಾರದ ಮೇಲೆ ಬಿಳಿ ಪದರ ಕಂಡರೆ ಫೆವಿಕಾಲ್ ದಪ್ಪ ಆಗಿದೆ, ಅಥವಾ ಒಳಗೆ ಇನ್ನೂ ಒಣಗಿಲ್ಲ. ಒಂದು ದಿನ ಬಿಡಿ. ಆಮೇಲೂ ಇದ್ದರೆ ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ. ತುಕ್ಕಿನ ಕಲೆ ಬಿದ್ದಿದ್ದರೆ ಅದು ಗುಂಡುಪಿನ್ನಿನ ಕೆಲಸ, ತುಕ್ಕು ಹಿಡಿಯದ ಪಿನ್ ಬಳಸಿ. ಅಕ್ರಿಲಿಕ್ ಉಲ್ಲನ್ ದಾರದ ಝುಮಕಿಗೆ ಗಂಜಿ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಅಂಚಿನಲ್ಲಿ ಸಣ್ಣ ತಂತಿ ಸೇರಿಸಿ ಕ್ರೋಶ ಹಾಕುವುದೇ ದಾರಿ.

ಜೋಡಿಯಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು

ಒಂದು ಓಲೆ ಇವತ್ತು, ಇನ್ನೊಂದು ಮುಂದಿನ ವಾರ ಮಾಡಿದರೆ ಹೀಗಾಗುತ್ತದೆ. ಕೈ ಬಿಗಿ ದಿನದಿನಕ್ಕೆ ಬದಲಾಗುತ್ತದೆ. ಎರಡು ದಾರ ತೆಗೆದುಕೊಂಡು, ಒಂದರಲ್ಲಿ ಒಂದು ಸುತ್ತು, ಇನ್ನೊಂದರಲ್ಲಿ ಒಂದು ಸುತ್ತು ಹೀಗೆ ಜೊತೆಯಾಗಿ ಬೆಳೆಸಿ. ಆಗಲೇ ಮುಗಿದಿದ್ದರೆ ಎರಡನ್ನೂ ಒದ್ದೆ ಮಾಡಿ, ಕಾಗದದ ಮೇಲೆ ಒಂದೇ ಅಳತೆಯ ವೃತ್ತ ಬರೆದು, ಅದಕ್ಕೆ ಹೊಂದುವಂತೆ ಪಿನ್ ಚುಚ್ಚಿ ಒಣಗಿಸಿ. ಒಂದೆರಡು ಮಿ.ಮೀ. ವ್ಯತ್ಯಾಸ ಇದರಲ್ಲೇ ಹೋಗುತ್ತದೆ.

ಸರದ ಪಟ್ಟಿ ಬಿಲ್ಲಿನಂತೆ ಬಾಗುವುದೂ ಬಿಗಿಯದೇ ಸಮಸ್ಯೆ. ಮೊದಲು ಹಾಕಿದ ಚೈನ್, ಅಂದರೆ ಬುಡದ ಕುಣಿಕೆಗಳ ಸಾಲು, ಬಿಗಿಯಾಗಿದೆ. ಚೈನಿಗೆ ಮಾತ್ರ ಒಂದು ಅಳತೆ ದೊಡ್ಡ ಕಡ್ಡಿ ಹಿಡಿಯಿರಿ.

ಬಣ್ಣ ಬಿಡುತ್ತಿದೆ

ಕೆಂಪು ಸರದ ಬಣ್ಣ ಕೊರಳಿಗೆ, ಬಿಳಿ ಕುಬಸಕ್ಕೆ ಹತ್ತಿದರೆ ತೊಳೆದು ಸರಿಮಾಡುವುದು ಕಷ್ಟ. ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುತ್ತಾರೆ. ಅಂಗಡಿಯಿಂದ ಬಣ್ಣ ಹಾಕಿಸಿಕೊಂಡೇ ಬಂದ ಹತ್ತಿ ದಾರಕ್ಕೆ ಅದರಿಂದ ಬಣ್ಣ ಕಟ್ಟಿಕೊಳ್ಳುವುದಿಲ್ಲ. ಹೆಚ್ಚಿನ ಬಣ್ಣ ಹೋಗುವವರೆಗೆ ದಾರವನ್ನೇ ಮೊದಲು ತೊಳೆಯುವುದು ಸರಿ. ಪರೀಕ್ಷೆ ಸುಲಭ: ಒಂದು ಗೇಣು ದಾರವನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು ಒತ್ತಿ. ಕಲೆ ಬಿದ್ದರೆ ಆ ಉಂಡೆಯನ್ನು ಬಿಳಿಯ ಜೊತೆ ಸೇರಿಸಬೇಡಿ. ಬನಶಂಕರಿ ಜಾತ್ರೆಯ ನೂಕುನುಗ್ಗಲಿನಲ್ಲಿ ಬೆವರಿದಾಗ ಗೊತ್ತಾಗುವುದಕ್ಕಿಂತ ಮನೆಯಲ್ಲೇ ಗೊತ್ತಾಗಲಿ.

ಓಲೆ ಕಳಚಿ ಬೀಳುತ್ತಿದೆ, ಕಿವಿ ತುರಿಸುತ್ತಿದೆ

ಕಳಚಿ ಬೀಳುವುದಕ್ಕೆ ಸಾಮಾನ್ಯವಾಗಿ ಕ್ರೋಶ ಕಾರಣವಲ್ಲ, ಅದನ್ನು ಕೊಂಡಿಗೆ ಸೇರಿಸುವ ಸಣ್ಣ ಜಂಪ್ ರಿಂಗ್ ಕಾರಣ. ಅದರ ಬಾಯಿಯಲ್ಲಿ ಕೂದಲೆಳೆಯಷ್ಟು ಸಂದು ಇದ್ದರೂ ದಾರ ಜಾರಿ ಬರುತ್ತದೆ. ರಿಂಗನ್ನು ಎರಡು ಕಡೆ ಹಿಡಿದು ಅಗಲಿಸಿ ತೆರೆದರೆ ಅದರ ದುಂಡು ಕೆಡುತ್ತದೆ, ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಎರಡು ಇಕ್ಕಳ ಹಿಡಿದು, ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ ತೆರೆಯಿರಿ. ಹಾಗೇ ಮುಚ್ಚಿ.

ತುರಿಕೆ, ಕೆಂಪಾಗುವುದು, ಕಿವಿ ಸೋರುವುದು ಇದ್ದರೆ ದಾರದ ಮೇಲೆ ಅನುಮಾನ ಪಡುವ ಮೊದಲು ಕೊಂಡಿ ನೋಡಿ. ಅಗ್ಗದ ಕೊಂಡಿಗಳಲ್ಲಿ ನಿಕ್ಕಲ್ ಇರುತ್ತದೆ. ಬೆವರು ತಾಗಿದಾಗ ಅದು ಸ್ವಲ್ಪ ಸ್ವಲ್ಪ ಕರಗಿ ಚರ್ಮಕ್ಕೆ ಇಳಿಯುತ್ತದೆ, ಕೆಲವರ ಮೈಗೆ ಒಗ್ಗುವುದಿಲ್ಲ. ಒಮ್ಮೆ ಶುರುವಾದ ಈ ಅಲರ್ಜಿ ಹೋಗುವುದು ಅಪರೂಪ. ಬೆಳ್ಳಿಯ ಕೊಂಡಿ, ಇಲ್ಲವೇ ಸರ್ಜಿಕಲ್ ಸ್ಟೀಲ್ ಕೊಂಡಿ ಹಾಕಿ. ಮಕ್ಕಳಿಗೆ ಮಾಡುವ ಓಲೆಯಲ್ಲಿ ಈ ಖರ್ಚು ಉಳಿಸಲೇಬೇಡಿ. ಕಿವಿ ಕೀವುಗಟ್ಟಿದ್ದರೆ ಡಾಕ್ಟರಿಗೆ ತೋರಿಸಿ.

ಗಟ್ಟಿಯಾದ ಮೇಲೆ ದೋಷ ಕಂಡರೆ

ಗಂಜಿ ಹಾಕಿದ ತುಂಡಾದರೆ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಂಜಿ ಬಿಡುತ್ತದೆ. ಬರೀ ಫೆವಿಕಾಲ್ ಆಗಿದ್ದರೆ ಇನ್ನೂ ಹೆಚ್ಚು ಹೊತ್ತು ನೆನೆಯಬೇಕು, ನಡುವೆ ನೀರು ಬದಲಿಸಿ ಬೆರಳಿನಿಂದ ಉಜ್ಜಿ. ಬಿಚ್ಚಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಒದ್ದೆ ಮಾಡಿ, ಒಣಗಿಸಿದರೆ ಸುಕ್ಕು ಹೋಗುತ್ತದೆ. ವಾರ್ನಿಶ್ ಹಚ್ಚಿದ ಮೇಲೆ ಬಿಚ್ಚುವ ದಾರಿ ಇಲ್ಲ. ಆದ್ದರಿಂದ ವಾರ್ನಿಶ್ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಜೋಡಿಯನ್ನು ಕಿವಿಗೆ ಹಾಕಿ, ಕನ್ನಡಿಯ ಮುಂದೆ ತಲೆ ಆಡಿಸಿ, ಎರಡೂ ಒಂದೇ ಎತ್ತರಕ್ಕೆ ಇಳಿದಿವೆಯೇ, ಮುಂಭಾಗ ಮುಂದೆಯೇ ನಿಲ್ಲುತ್ತಿದೆಯೇ ನೋಡಿಕೊಳ್ಳಿ.